ಕನ್ನಡ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಏಕಿಲ್ಲ? ಮನೆಯಲ್ಲಿ ಕುಳಿತು ನೋಡುವವರಿಗೆ ಮಾತೇ ಕೇಳಿಸುವುದಿಲ್ಲ

ಹೇಮಾವತಿ ತೀರ
ನಮ್ಮ ತಂದೆ ನಿವೃತ್ತ ಮೇಷ್ಟರು. ಈಚೆಗೆ ಕಿವಿ ಮಂದವಾಗಿದೆ. ರಾತ್ರಿ ಊಟವಾದ ಮೇಲೆ ಒಂದು ಕನ್ನಡ ಸಿನಿಮಾ ನೋಡುವುದೆಂದರೆ ಅವರಿಗೆ ಬಹಳ ಇಷ್ಟ. ಆದರೆ ಈಗಿನ ಚಿತ್ರಗಳಲ್ಲಿ ಮಾತೆಲ್ಲ ಪಿಸುಮಾತು. ಹೊಡೆದಾಟ ಶುರುವಾದರೆ ಮಾತ್ರ ಕಿಟಕಿಯ ಗಾಜು ಅದುರುತ್ತದೆ. ಮಾತು ಕೇಳಲೆಂದು ಶಬ್ದ ಏರಿಸುತ್ತೇನೆ, ಹಿನ್ನೆಲೆ ಸಂಗೀತ ಬಂದ ಕೂಡಲೇ ಇಳಿಸುತ್ತೇನೆ. ಇಡೀ ಸಿನಿಮಾ ಇದೇ ಕೆಲಸ. ಮೊನ್ನೆ ‘ಸಪ್ತ ಸಾಗರದಾಚೆ ಎಲ್ಲೋ’ ಹಾಕಿದ್ದೆ. ಮನು, ಪ್ರಿಯಾ ಮೆಲ್ಲಗೆ ಆಡುವ ಮಾತುಗಳಲ್ಲೇ ಆ ಚಿತ್ರದ ಜೀವ ಇರುವುದು. ಅಪ್ಪ ಅರ್ಧಕ್ಕೇ ಎದ್ದು ಹೋದರು. ‘ಏನೋ ಚೆನ್ನಾಗಿರಬೇಕು, ನನಗೆ ಗೊತ್ತಾಗಲಿಲ್ಲ’ ಎಂದರು.

ಸಬ್‌ಟೈಟಲ್ ಹಾಕೋಣ ಎಂದರೆ ಇಂಗ್ಲಿಷ್ ಒಂದೇ ಇದೆ. ದಿನಪತ್ರಿಕೆಯನ್ನು ಸಂಪಾದಕೀಯದಿಂದ ಶ್ರದ್ಧಾಂಜಲಿಯವರೆಗೆ ಓದುವ ಮನುಷ್ಯ ಅವರು. ಕನ್ನಡದಲ್ಲಿ ಅಕ್ಷರ ಬಂದರೆ ಕನ್ನಡಕ ಏರಿಸಿಕೊಂಡು ಓದಿಯೇ ಓದುತ್ತಾರೆ. ಕನ್ನಡ ಚಿತ್ರಕ್ಕೆ ಕನ್ನಡ ಅಕ್ಷರ ಹಾಕುವುದಕ್ಕೆ ಏನು ಅಡ್ಡಿ? ಯಾರಿಗಾದರೂ ಗೊತ್ತಿದೆಯೇ?

ಬಸವನಗುಡಿ ಓದುಗ
ನಮ್ಮ ಮನೆಯಲ್ಲೂ ಇದೇ ಗೋಳು. ರಿಮೋಟ್ ಕೆಳಗಿಡುವ ಹಾಗಿಲ್ಲ.

ಧ್ವನಿ ಕೋಣೆ
ಸಿನಿಮಾಗಳ ಧ್ವನಿ ಜೋಡಣೆ ನನ್ನ ಕಸುಬು. ಹೇಮಾವತಿಯವರೇ, ತೊಂದರೆಯಲ್ಲಿ ಅರ್ಧ ನಿಮ್ಮ ತಂದೆಯವರ ಕಿವಿಯದಲ್ಲ, ಟಿವಿಯದು.

ಚಿತ್ರಮಂದಿರಕ್ಕೆಂದು ಧ್ವನಿಯನ್ನು 5.1 (ಐದು ಸ್ಪೀಕರ್, ಒಂದು ಬಾಸ್ ಪೆಟ್ಟಿಗೆ, ಒಟ್ಟು ಆರು) ಅಥವಾ ಅದಕ್ಕೂ ಹೆಚ್ಚಿನ ಚಾನೆಲ್‌ಗಳಲ್ಲಿ ಹಂಚುತ್ತೇವೆ. ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿ, ಅಂದರೆ ಪರದೆಯ ಹಿಂದಿನ ಸ್ಪೀಕರ್‌ನಲ್ಲಿ ಇರುತ್ತದೆ. ಸಂಗೀತ, ಮಳೆ, ಗುಂಡಿನ ಸದ್ದು ಉಳಿದ ಕಡೆಗೆ ಹೋಗುತ್ತವೆ. ಮನೆಯ ಟಿವಿಯಲ್ಲಿ ಇರುವುದು ಎರಡೇ ಸ್ಪೀಕರ್, ಅವೂ ಪುಟ್ಟವು. ಟಿವಿ ತೆಳುವಾದಂತೆಲ್ಲ ಅವು ಕೆಳಗೋ ಹಿಂದಕ್ಕೋ ಮುಖಮಾಡಿ ಕುಳಿತಿವೆ, ನೋಡುವವರ ಕಡೆಗಲ್ಲ. ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುವಾಗ ಮಾತು ಉಳಿದ ಸದ್ದಿನೊಳಗೆ ಹೂತುಹೋಗುತ್ತದೆ.

ಇಷ್ಟು ಮಾಡಿ ನೋಡಿ. ಚಿತ್ರ ಓಡುವಾಗ ಆಡಿಯೊ ಆಯ್ಕೆಯಲ್ಲಿ 5.1 ಬಿಟ್ಟು ಎರಡೇ ಚಾನೆಲ್ಲಿನ ಸ್ಟೀರಿಯೊ ಇದ್ದರೆ ಅದನ್ನು ಒತ್ತಿ. ಟಿವಿಯ ಸೆಟ್ಟಿಂಗ್‌ನಲ್ಲಿ ‘ಸಿನಿಮಾ’ ಬದಲು ‘ಸ್ಪಷ್ಟ ಧ್ವನಿ’ ಅಥವಾ ‘ಸುದ್ದಿ’ ಎಂಬಂಥದ್ದು ಇರುತ್ತದೆ, ಅದನ್ನು ಹಾಕಿ. ‘ನೈಟ್ ಮೋಡ್’ ಇದ್ದರೆ ಇನ್ನೂ ಒಳ್ಳೆಯದು, ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಎತ್ತಿಕೊಡುತ್ತದೆ. ಸೌಂಡ್‌ಬಾರ್ (ಟಿವಿಯ ಮುಂದೆ ಇಡುವ ಉದ್ದನೆಯ ಸ್ಪೀಕರ್) ಕೊಳ್ಳುವುದಾದರೆ ನಡುವೆ ಪ್ರತ್ಯೇಕ ಸ್ಪೀಕರ್ ಇರುವ 3.1 ಕೊಳ್ಳಿ. ದೊಡ್ಡ ಬಾಸ್ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಅದು ಹೊಡೆದಾಟಕ್ಕೆ ಬೇಕಾದೀತು, ಮಾತಿಗಲ್ಲ.

ಹಳೆ ಮೈಸೂರಿಗ
ಸ್ಪೀಕರ್ ಮೇಲೆ ಏಕೆ ಗೂಬೆ ಕೂರಿಸುತ್ತೀರಿ? ಈಗಿನ ನಟರಿಗೆ ಬಾಯಿ ತೆರೆದು ಮಾತನಾಡಲು ಬರುವುದಿಲ್ಲ. ಅದೇ ಟಿವಿಯಲ್ಲಿ ‘ಬಂಗಾರದ ಮನುಷ್ಯ’ ಹಾಕಿ, ಅಡುಗೆಮನೆಯಲ್ಲಿ ನಿಂತವರಿಗೂ ಒಂದೊಂದು ಅಕ್ಷರ ಕೇಳುತ್ತದೆ. ರಾಜ್‌ಕುಮಾರ್ ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿ ಬಂದವರು. ಮೈಕ್ ಇಲ್ಲದೆ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸಿದ ಪರಂಪರೆ ಅದು. ಬಾಲಕೃಷ್ಣ, ಅಶ್ವತ್ಥ್, ಪಂಡರಿಬಾಯಿ, ಯಾರನ್ನು ಬೇಕಾದರೂ ತೆಗೆದುಕೊಳ್ಳಿ. ಒತ್ತಕ್ಷರ, ಮಹಾಪ್ರಾಣ ಒಂದೂ ನುಂಗಿದವರಲ್ಲ.

ಕಲಬುರಗಿ ಕಲ್ಲು
@ಹಳೆ ಮೈಸೂರಿಗ, ಒಪ್ಪುವುದಿಲ್ಲ. ರಂಗಭೂಮಿಯ ಮಾತು ರಂಗಭೂಮಿಗೆ ಚೆನ್ನ. ‘ತಿಥಿ’ಯ ಗಡ್ಡಪ್ಪ ಗುಬ್ಬಿ ಕಂಪನಿಯ ಕಲಾವಿದರ ಹಾಗೆ ನುಡಿದಿದ್ದರೆ ಆ ಚಿತ್ರ ನಿಲ್ಲುತ್ತಿತ್ತೇ? ಮಂಡ್ಯದ ಹಳ್ಳಿಯ ಜನರನ್ನೇ ನಟರನ್ನಾಗಿ ಮಾಡಿ, ಅವರು ಆಡಿದ ಮಾತನ್ನು ಅಲ್ಲೇ ದಾಖಲಿಸಿದ ಚಿತ್ರ ಅದು. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಆದರೆ ಸಬ್‌ಟೈಟಲ್ ಬೇಕು ಎನ್ನುವುದಕ್ಕೆ ನನ್ನ ಕಾರಣವೂ ಅದೇ ಚಿತ್ರ. ಕಲಬುರಗಿಯ ನನಗೆ ಆ ಮಂಡ್ಯದ ಮಾತಿನಲ್ಲಿ ಕಾಲುಭಾಗ ಹತ್ತಲಿಲ್ಲ. ಮೈಸೂರಿನವಳಾದ ನನ್ನ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಕನ್ನಡದ ಅಕ್ಷರ ಕೆಳಗೆ ಓಡಿದ್ದರೆ ನಾನೂ ಆಗಲೇ ನಗುತ್ತಿದ್ದೆ. ನಮ್ಮ ಕಡೆಯ ಭಾಷೆಯಲ್ಲಿ ಚಿತ್ರ ಬಂದಾಗ ಅವಳಿಗೂ ಇದೇ ಪಾಡು. ಕಿವಿ ಚೆನ್ನಾಗಿರುವವರಿಗೂ ಇದು ಬೇಕು.

ಮಲ್ಪೆ ಗಾಳಿ
‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಬೆಂಗಳೂರಿನ ನನ್ನ ಸ್ನೇಹಿತರು ‘ಭಾಷೆ ಅರ್ಥವಾಗಲಿಲ್ಲ, ಕಥೆ ಹಿಂದೆಮುಂದೆ ಇದೆ’ ಎಂದು ಮುಖ ತಿರುಗಿಸಿದ್ದರು. ಆಮೇಲೆ ಅದೇ ಜನ ಮನೆಯಲ್ಲಿ ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನೋಡಿ ಮೆಚ್ಚಿಕೊಂಡರು. ಮನೆಯಲ್ಲಿ ನೋಡುವುದರ ಲಾಭ ಅದು. ಚಿತ್ರಮಂದಿರದಲ್ಲಿ ಸೋತ ಎಷ್ಟು ಚಿತ್ರಗಳು ಹೀಗೆ ಉಸಿರಾಡುತ್ತಿವೆ! 2020ರ ಫೆಬ್ರುವರಿಯಲ್ಲಿ ಬಂದ ‘ದಿಯಾ’ವನ್ನು ಹೆಚ್ಚು ಜನ ನೋಡಿದ್ದು ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಅಲ್ಲವೇ?

ಶಿರಸಿ ಅಡಿಕೆ
‘ದಿಯಾ’ದ ಕೊನೆ ನನಗೆ ಇಂದಿಗೂ ಇಷ್ಟವಿಲ್ಲ. ಅಷ್ಟು ಚೆನ್ನಾಗಿ ನಡೆಸಿಕೊಂಡು ಬಂದು ಕೈಬಿಟ್ಟರು.

ಮಲ್ಪೆ ಗಾಳಿ
@ಶಿರಸಿ ಅಡಿಕೆ, ಆ ಕೊನೆ ಇಲ್ಲದಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಪ್ರೇಮಕಥೆ ಆಗುತ್ತಿತ್ತು. ನೋಡದವರಿದ್ದಾರೆ, ಇಲ್ಲಿಗೆ ನಿಲ್ಲಿಸೋಣ.

ಚಿತ್ರದುರ್ಗದ ಕೋಟೆ
ನನಗೆ ಸಬ್‌ಟೈಟಲ್ ಎಂದರೆ ಆಗದು. ಪರದೆಯ ಕೆಳಗೆ ಅಕ್ಷರ ಬಂತೆಂದರೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ನಟರ ಮುಖ ತಪ್ಪುತ್ತದೆ. ಹಾಸ್ಯದ ಸನ್ನಿವೇಶವಂತೂ ಹಾಳು. ನಟ ಬಾಯಿ ತೆರೆಯುವ ಮೊದಲೇ ನಗುವಿನ ಮಾತು ಕೆಳಗೆ ಬಂದು ಕುಳಿತಿರುತ್ತದೆ. ಛಾಯಾಗ್ರಾಹಕರು ಕಷ್ಟಪಟ್ಟು ಕಟ್ಟಿದ ದೃಶ್ಯದ ಮೇಲೆ ಹೀಗೆ ಗೀಚುವುದು ಸರಿಯಲ್ಲ.

ಬಸವನಗುಡಿ ಓದುಗ
ಬೇಡದವರು ಆಫ್ ಮಾಡಿಕೊಳ್ಳಬಹುದಲ್ಲ ಸರ್? ಒಂದು ಗುಂಡಿ ಒತ್ತಿದರೆ ಅಕ್ಷರ ಮಾಯ.

ಚಿತ್ರದುರ್ಗದ ಕೋಟೆ
ಒಂದೇ ಮನೆಯಲ್ಲಿ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ ಎಂದಾಗ ಏನು ಮಾಡುತ್ತೀರಿ?

ತುಂಗೆಯ ಅಮ್ಮ
@ಚಿತ್ರದುರ್ಗದ ಕೋಟೆ, ನಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ನನ್ನ ಮಗನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿ ಸಿನಿಮಾ ಹಾಕುತ್ತಾರೆ. ನಾಯಕಿ ಎರಡು ನಿಮಿಷ ಅತ್ತುಕೊಂಡು ಏನೋ ಹೇಳುತ್ತಾಳೆ. ಇವನು ಅಕ್ಕನ ತೋಳು ತಟ್ಟಿ ‘ಏನು?’ ಎಂದು ಸನ್ನೆ ಮಾಡುತ್ತಾನೆ. ಅವಳು ಕಣ್ಣೊರೆಸಿಕೊಳ್ಳುತ್ತಲೇ ‘ಅಪ್ಪನ ಮೇಲೆ ಕೋಪ’ ಎಂದು ಕೈಯಲ್ಲಿ ತೋರಿಸಿ ಮತ್ತೆ ಪರದೆಯ ಕಡೆ ತಿರುಗುತ್ತಾಳೆ. ಎರಡು ನಿಮಿಷದ ಮಾತಿಗೆ ಅವನಿಗೆ ಸಿಕ್ಕಿದ್ದು ಅಷ್ಟೇ. ಅವನು ಕನ್ನಡ ಮಾಧ್ಯಮದಲ್ಲಿ ಓದಿದವನು, ಕಾದಂಬರಿ ಓದುತ್ತಾನೆ. ಅವನಿಗೆ ಕನ್ನಡ ಅಕ್ಷರ ಕೊಡುವುದು ದೃಶ್ಯ ಕೆಡಿಸುವುದಕ್ಕೆ ಸಮವೇ?

ಇದು ಯಾರೋ ಉದಾರವಾಗಿ ಕೊಡುವ ಸವಲತ್ತೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲೇ ವಿದ್ಯುನ್ಮಾನ ಮಾಧ್ಯಮಗಳಲ್ಲಿ ಸಬ್‌ಟೈಟಲ್, ಸಂಜ್ಞಾಭಾಷೆ, ಕಣ್ಣು ಕಾಣದವರಿಗಾಗಿ ಮಾತಿನಲ್ಲಿ ದೃಶ್ಯ ವಿವರಣೆ ಇರಬೇಕೆಂಬ ಮಾತಿದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ‘ಪಠಾಣ್’ ಚಿತ್ರದ ನಿರ್ಮಾಪಕರಿಗೆ, ಓಟಿಟಿಗೆ ಬರುವಾಗ ಹಿಂದಿಯಲ್ಲೇ ಸಬ್‌ಟೈಟಲ್ ಮತ್ತು ದೃಶ್ಯ ವಿವರಣೆ ಸಿದ್ಧಪಡಿಸಿ ಎಂದು ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವೂ ಚಿತ್ರಮಂದಿರದ ಸಿನಿಮಾಗಳಿಗೆ ಇಂಥದ್ದೇ ಮಾರ್ಗಸೂಚಿ ಹೊರಡಿಸಿದೆ. ಹಿಂದಿ ಚಿತ್ರಕ್ಕೆ ಹಿಂದಿ ಅಕ್ಷರ ಹಾಕಬಹುದಾದರೆ ಕನ್ನಡಕ್ಕೆ ಏಕಾಗದು?

ಹೇಮಾವತಿ ತೀರ
ತುಂಗೆಯ ಅಮ್ಮನವರೇ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ನಮ್ಮ ತಂದೆಗಾದರೂ ಇಷ್ಟು ವರ್ಷ ಕೇಳಿ ಅನುಭವಿಸಿದ ಚಿತ್ರಗಳಿವೆ.

ಚಿತ್ರದುರ್ಗದ ಕೋಟೆ
@ತುಂಗೆಯ ಅಮ್ಮ, ನಿಮ್ಮ ಮಗನಿಗೆ ಬೇಡ ಎಂದು ನಾನು ಹೇಳಿಲ್ಲ ತಾಯಿ. ಅಂಥವರಿಗೆ ಇರಲೇಬೇಕು. ಕೇಳಿಸುವವರೂ ಅಕ್ಷರದ ಚಟ ಹತ್ತಿಸಿಕೊಳ್ಳುತ್ತಿದ್ದಾರಲ್ಲ, ನನ್ನ ತಕರಾರು ಅದರ ಬಗ್ಗೆ.

ಫ್ರಾಂಕ್‌ಫರ್ಟ್ ಕನ್ನಡಿಗ
ಇಂಗ್ಲಿಷ್ ಸಬ್‌ಟೈಟಲ್ ತೆಗೆಯಿರಿ ಎಂದು ಮಾತ್ರ ಯಾರೂ ಹೇಳಬೇಡಿ. ಜರ್ಮನ್ ಸೊಸೆ ನಮ್ಮ ಜೊತೆ ಕನ್ನಡ ಸಿನಿಮಾ ನೋಡುವುದು ಅದರ ಬಲದಿಂದಲೇ. ಮೊಮ್ಮಕ್ಕಳು ಕನ್ನಡ ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ, ಓದಲು ಬಾರದು. ಅವರಿಗೆ ಕನ್ನಡ ಅಕ್ಷರವೂ ಇದ್ದರೆ ಕಣ್ಣಿಗಾದರೂ ಬಿದ್ದು ಪರಿಚಯವಾಗುತ್ತಿತ್ತು. ನಮಗೆ ಎರಡೂ ಬೇಕು.

ಗದಗ ಮೇಡಂ
ಫ್ರಾಂಕ್‌ಫರ್ಟಿನವರು ಹೇಳಿದ್ದು ಬರೀ ಆಸೆಯಲ್ಲ, ಪ್ರಯೋಗ ನಡೆದಿದೆ. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ ಅವರು ಟಿವಿಯಲ್ಲಿ ಬರುವ ಚಿತ್ರಗೀತೆಗಳಿಗೆ ಅದೇ ಭಾಷೆಯ ಅಕ್ಷರ ಹಾಕಿಸಿ, ಓದು ಮರೆತವರಿಗೆ ಓದು ಮರಳಿಸುವ ಕೆಲಸವನ್ನು ದೂರದರ್ಶನದ ‘ಚಿತ್ರಹಾರ್’ವರೆಗೆ ತಂದರು. ಹಾಡು ಮೊದಲೇ ಬಾಯಿಗೆ ಬಂದಿರುತ್ತದೆ. ಕಣ್ಣು ಅಕ್ಷರದ ಹಿಂದೆ ಓಡುತ್ತದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಸಾಹಿತ್ಯದ ಸಾಲು ಮೂಡುವ ಹಾಡಿನ ವೀಡಿಯೊ ಹಾಕಿದರೆ, ಪುಸ್ತಕ ಕಂಡರೆ ಆಕಳಿಸುವ ಮಕ್ಕಳೂ ಸಾಲಿಗಿಂತ ಮುಂದೆ ಓದಿ ಕೂಗುತ್ತಾರೆ.

ಹಳೆ ಮೈಸೂರಿಗ
ಸಿನಿಮಾದ ಮಾತು ಬಿಡಿ, ಧಾರಾವಾಹಿಗಳಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ಅದು ಹೇಗೆ?

ಧ್ವನಿ ಕೋಣೆ
ಅವನ್ನು ಟಿವಿಗೆಂದೇ ಜೋಡಿಸುತ್ತಾರೆ. ಮನೆಯ ಸ್ಪೀಕರ್ ಹೇಗಿರುತ್ತದೆ, ಒಗ್ಗರಣೆಯ ಸದ್ದಿನ ನಡುವೆ ಮಾತು ಹೇಗೆ ಕೇಳಬೇಕು ಎಂದು ಲೆಕ್ಕ ಹಾಕಿ ಮಾಡಿದ ಕೆಲಸ. ನಿಮ್ಮ ‘ಬಂಗಾರದ ಮನುಷ್ಯ’ದ ಗುಟ್ಟಿನಲ್ಲಿ ಅರ್ಧ ಕೂಡ ಇಂಥದ್ದೇ. ಆಗಿನ ಧ್ವನಿ ಮೊನೊ. ಒಂದೇ ದಾರಿಯಲ್ಲಿ ಎಲ್ಲವೂ ಬರಬೇಕಾದ್ದರಿಂದ ಮಾತನ್ನು ಮುಂದಿಟ್ಟು ಉಳಿದದ್ದನ್ನು ಹಿಂದಿಡುತ್ತಿದ್ದರು. ನಟರ ಉಚ್ಚಾರದ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ಪೂರ್ತಿ ಕೀರ್ತಿ ಅದಕ್ಕೇ ಸಲ್ಲದು.

ಶಿರಸಿ ಅಡಿಕೆ
ಮಾತು ಕೇಳಿದರೇನು ಬಂತು, ಆ ಮಾತಿನಲ್ಲಿ ಏನಿದೆ? ಒಬ್ಬರು ಬಾಗಿಲು ತೆರೆದರೆ ಮನೆಮಂದಿಯ ಮುಖಗಳನ್ನೆಲ್ಲ ಮೂರು ಮೂರು ಸಲ ತೋರಿಸುತ್ತಾರೆ, ಪ್ರತಿ ಸಲವೂ ಗುಡುಗು. 1998ರಲ್ಲಿ ಚಂದನದಲ್ಲಿ ‘ಮಾಯಾಮೃಗ’ ಬರುವಾಗ ನಮ್ಮ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಟಿ.ಎನ್. ಸೀತಾರಾಂ ಅವರ ಪಾತ್ರಗಳು ನ್ಯಾಯಾಲಯದಲ್ಲಿ ವಾದಿಸುವುದನ್ನು ಕೇಳಿ ನಮ್ಮ ಚಿಕ್ಕಪ್ಪ ಕಾನೂನು ಓದಿದರು. ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’ ಬೇರೆಯದೇ ಲೋಕ.

ರಾಮನಗರದ ಗೃಹಿಣಿ
ಹಳೆಯದನ್ನು ಹೊಗಳಲು ಹೊಸದನ್ನು ತುಳಿಯಬೇಕಿಲ್ಲ. ಬೆಳಗ್ಗೆ ಐದಕ್ಕೆ ಎದ್ದವಳಿಗೆ ಸಂಜೆ ಏಳರಿಂದ ಒಂಬತ್ತೂವರೆ ಮಾತ್ರ ಬಿಡುವು, ಅದೂ ಚಪಾತಿ ಲಟ್ಟಿಸುತ್ತಾ. ನಾನು ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಮೂರು ಸಲ ತೋರಿಸಿದರೆ ಹಂಚಿನ ಮೇಲಿನದನ್ನು ತಿರುವಿಹಾಕಿ ಬಂದು ಒಂದು ಸಲವಾದರೂ ನೋಡಬಹುದು. ‘ಅಮೃತಧಾರೆ’ಯಲ್ಲಿ ವಯಸ್ಸು ಮೀರಿದವರ ಮದುವೆಯನ್ನು ಮರ್ಯಾದೆಯಿಂದ ತೋರಿಸಿದ್ದಾರೆ. ನನ್ನಂಥ ಎಷ್ಟೋ ಹೆಂಗಸರಿಗೆ ಅದು ಹಿಡಿಸಿದೆ. ನಿಮಗೆ ಹಿಡಿಸದಿದ್ದರೆ ಚಾನೆಲ್ ಬದಲಿಸಿ.

ಗದಗ ಮೇಡಂ
ರಾಮನಗರದವರ ಮಾತಿಗೆ ನನ್ನ ಸಹಮತ.

ಆಗುಂಬೆ ಮಳೆ
ಮನೆಯಲ್ಲಿ ನೋಡುವುದು ಎಂದ ಮೇಲೆ ‘ಮಾಲ್ಗುಡಿ ಡೇಸ್’ ಬಿಟ್ಟು ಮಾತನಾಡುವುದೇ? ಶಂಕರ್ ನಾಗ್ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದರು. ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಎಲ್ಲರೂ ನಮ್ಮವರು. ತಯಾರಾದದ್ದು ಮಾತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ದೊಡ್ಡಮನೆಯ ಜಗಲಿಯನ್ನು ಪರದೆಯಲ್ಲಿ ಕಂಡು ಕುಣಿದಾಡಿದ ನಮ್ಮೂರಿನ ಹಿರಿಯರಿಗೆ ಅಲ್ಲಿಯ ಮಾತು ತಿಳಿಯಲಿಲ್ಲ. ಅದಕ್ಕೂ ಕನ್ನಡ ಅಕ್ಷರ ಇದ್ದಿದ್ದರೆ!

ಕಲಬುರಗಿ ಕಲ್ಲು
ಅಲ್ಲಿಗೆ ಡಬ್ಬಿಂಗ್ ಜಗಳ ಬಂತು. 2012ರಲ್ಲಿ ಆಮಿರ್ ಖಾನ್ ಅವರ ಟಿವಿ ಕಾರ್ಯಕ್ರಮ ‘ಸತ್ಯಮೇವ ಜಯತೇ’ ಅಕ್ಕಪಕ್ಕದ ಭಾಷೆಗಳಲ್ಲೆಲ್ಲ ಬಂತು, ಕನ್ನಡದಲ್ಲಿ ಬರಲು ಬಿಡಲಿಲ್ಲ. 2015ರಲ್ಲಿ ಡಬ್ಬಿಂಗ್ ತಡೆದ ಚಿತ್ರೋದ್ಯಮದ ಸಂಘಗಳಿಗೆ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿದ ಮೇಲೆಯೇ ಬಾಗಿಲು ಸ್ವಲ್ಪ ಸಡಿಲವಾದದ್ದು. ಲಾಕ್‌ಡೌನ್‌ನಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಬಂದಾಗ ನಮ್ಮ ಅವ್ವ ಮೊದಲ ಬಾರಿಗೆ ಕೃಷ್ಣನ ಮಾತನ್ನು ಯಾರ ನೆರವೂ ಇಲ್ಲದೆ ಕೇಳಿದಳು. ಕನ್ನಡಿಗರಿಗೆ ಕನ್ನಡದಲ್ಲಿ ಕೊಟ್ಟರೆ ಕನ್ನಡ ಹಾಳಾಗುತ್ತದೆ ಎಂದು ವಾದಿಸಿದವರನ್ನು ನಾನು ಕ್ಷಮಿಸಲಾರೆ.

ಹಳೆ ಮೈಸೂರಿಗ
ಡಬ್ಬಿಂಗ್ ವಿರೋಧಿಸಿದವರಿಗೂ ಕಾರಣಗಳಿದ್ದವು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದು. ಚಿಕ್ಕ ಮಾರುಕಟ್ಟೆಯ ಮೇಲೆ ದೊಡ್ಡ ಚಿತ್ರಗಳು ಬಂದು ಬಿದ್ದರೆ ಯಾರು ಉಳಿಯುತ್ತಾರೆ?

ಕಲಬುರಗಿ ಕಲ್ಲು
ನೋಡುವವರನ್ನು ಕಟ್ಟಿಹಾಕಿ ಮಾರುಕಟ್ಟೆ ಉಳಿಸಲು ಆಗುವುದಿಲ್ಲ ಸರ್. ಅವರು ತಮಿಳಿನಲ್ಲೋ ತೆಲುಗಿನಲ್ಲೋ ನೋಡಿಯೇ ನೋಡಿದರು.

ಅಕ್ಷರ ಜೋಡಿಸುವವಳು
ಜಗಳ ಮುಗಿದಿದ್ದರೆ ಮೂಲ ಪ್ರಶ್ನೆಗೆ ಬರೋಣ. ನಾನು ಸಬ್‌ಟೈಟಲ್ ಕೆಲಸವನ್ನೇ ಮಾಡುತ್ತೇನೆ. ಅಡ್ಡಿ ಏನೆಂದು ಹೇಳುತ್ತೇನೆ.

ಇಂಗ್ಲಿಷ್ ಸಬ್‌ಟೈಟಲ್ ಮಾಡುವಾಗ ಮೊದಲು ಚಿತ್ರದ ಕನ್ನಡ ಸಂಭಾಷಣೆಯ ಪಟ್ಟಿ ಬೇಕು. ಯಾವ ಮಾತು ಎಷ್ಟನೆಯ ಸೆಕೆಂಡಿಗೆ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸಬೇಕು. ಕಾಲ ಗುರುತಿಸುವುದೇ ಬೆವರಿಳಿಸುವ ಕೆಲಸ. ಅದೊಂದು ಮುಗಿದ ಮೇಲೆ ಅದೇ ಜಾಗಗಳಲ್ಲಿ ಕನ್ನಡ ಸಾಲು ಕೂರಿಸುವುದಕ್ಕೆ ಹೊಸ ಸಾಹಸ ಏನೂ ಬೇಡ. ಇನ್ನೊಂದು ವಿಷಯ: ಸೆನ್ಸಾರ್ ಮಂಡಳಿಗೆ ಅರ್ಜಿ ಹಾಕುವಾಗ ಸಂಭಾಷಣೆ ಮತ್ತು ಹಾಡುಗಳ ಪೂರ್ಣ ಪಠ್ಯ ಕೊಡಬೇಕು. ಅಂದರೆ ಪ್ರಮಾಣಪತ್ರ ಪಡೆದ ಪ್ರತಿ ಕನ್ನಡ ಚಿತ್ರದ ಮಾತೂ ಕಾಗದದ ಮೇಲೆ ಎಲ್ಲೋ ಇದ್ದೇ ಇದೆ. ಬೇಕಾದದ್ದು ಯಾರಾದರೂ ಕೇಳುವುದು. ಇಂಗ್ಲಿಷ್ ಇದ್ದರೆ ಹೊರರಾಜ್ಯದ ಪ್ರೇಕ್ಷಕರು ಬರುತ್ತಾರೆ ಎಂದು ನಿರ್ಮಾಪಕರಿಗೆ ಗೊತ್ತು. ‘ಕನ್ನಡಿಗರಿಗೆ ಕನ್ನಡ ಕೇಳಿಸುತ್ತದಲ್ಲ’ ಎಂದು ಕನ್ನಡದ ವಿಷಯ ಅಲ್ಲಿಗೇ ಬಿಡುತ್ತಾರೆ.

ತೊಡಕುಗಳೂ ಇವೆ. ಕನ್ನಡಕ್ಕೆ ಒತ್ತಕ್ಷರದ ಜಾಗ ಬೇಕು. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರವನ್ನೇ ಉಳಿಸಿದರೆ ‘ಸ್ತ್ರೀ’, ‘ರಾಷ್ಟ್ರ’ ಮೊದಲಾದವುಗಳ ಬುಡ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ, ಅಥವಾ ಪರದೆಯ ಅಂಚಿನಲ್ಲಿ ಕತ್ತರಿಸಿ ಹೋಗುತ್ತದೆ. ಸಣಕಲು ಅಕ್ಷರವಿನ್ಯಾಸ ಹಾಕಿದರೆ ದೂರ ಕುಳಿತವರಿಗೆ ಏನೂ ಕಾಣದು. ಕೆಲವು ಟಿವಿಗಳಲ್ಲಿ ಪೆನ್‌ಡ್ರೈವ್‌ನಿಂದ ಸಿನಿಮಾ ಹಾಕಿದರೆ ಕನ್ನಡದ ಬದಲು ಸಾಲುಸಾಲು ಚೌಕ ಬರುತ್ತವೆ. ಇವಕ್ಕೆಲ್ಲ ಪರಿಹಾರ ಇದೆ. ಮತ್ತೆ, ಚಿತ್ರದುರ್ಗದವರು ಹೇಳಿದ ಹಾಸ್ಯದ ತಕರಾರು ನ್ಯಾಯವಾದದ್ದೇ. ಒಳ್ಳೆಯ ಕೆಲಸಗಾರರು ನಗುವಿನ ಸಾಲನ್ನು ಎರಡಾಗಿ ಒಡೆದು, ನಟ ನುಡಿದಾಗಲೇ ಎರಡನೆಯದನ್ನು ಬಿಡುತ್ತಾರೆ. ಅವಸರದ ಕೆಲಸದಲ್ಲಿ ಅದು ತಪ್ಪುತ್ತದೆ.

ಬಸವನಗುಡಿ ಓದುಗ
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ ಮೇಡಂ.

ಮಲ್ಪೆ ಗಾಳಿ
ಓಟಿಟಿ ವೇದಿಕೆಗಳಿಗೆ ಕನ್ನಡವೇ ಬೇಡವಾಗಿರುವಾಗ ಕನ್ನಡ ಅಕ್ಷರ ಎಲ್ಲಿಂದ ಬರಬೇಕು? ‘ಏಕಂ’ ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ, ತಂಡದವರು 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕರಾವಳಿಯ ಕಥೆಗಳನ್ನು ಅಷ್ಟು ಪ್ರೀತಿಯಿಂದ ಹೇಳಿದ ಸರಣಿಗೇ ಈ ಗತಿ.

ಆಗುಂಬೆ ಮಳೆ
ಆದರೆ ನೋಡುವವರು ದನಿ ಎತ್ತಿದರೆ ಅವರಿಗೂ ಕೇಳಿಸುತ್ತದೆ. 2022ರ ನವೆಂಬರ್‌ನಲ್ಲಿ ‘ಕಾಂತಾರ’ ಓಟಿಟಿಗೆ ಬಂದಾಗ ‘ವರಾಹ ರೂಪಂ’ ಹಾಡಿನ ರಾಗವೇ ಬೇರೆಯಾಗಿತ್ತಲ್ಲ, ಎಷ್ಟು ಗದ್ದಲ ಎದ್ದಿತು!

ಧ್ವನಿ ಕೋಣೆ
@ಆಗುಂಬೆ ಮಳೆ, ಹಳೆಯ ಹಾಡು ಮರಳಿದ್ದು ಗದ್ದಲದಿಂದಲ್ಲ, ರಾಗ ಕದ್ದದ್ದೆಂಬ ದೂರಿನ ಮೇಲೆ ನ್ಯಾಯಾಲಯ ಹಾಕಿದ್ದ ತಡೆ ತೆರವಾದದ್ದರಿಂದ. ಆದರೂ ಒಂದು ಹಾಡಿನ ಧ್ವನಿಗಾಗಿ ಅಷ್ಟು ಜನ ಬೇಸರಪಟ್ಟದ್ದು ನನಗೆ ಖುಷಿ ಕೊಟ್ಟಿತು.

ಹೇಮಾವತಿ ತೀರ
ಧ್ವನಿ ಕೋಣೆಯವರು ಹೇಳಿದ ಹಾಗೆ ಸ್ಟೀರಿಯೊ ಹಾಕಿ, ನೈಟ್ ಮೋಡ್ ಹಾಕಿದೆ. ಎದ್ದು ಕಾಣುವಷ್ಟು ವ್ಯತ್ಯಾಸ ಇದೆ. ರಿಮೋಟ್ ಮುಟ್ಟುವುದು ತುಂಬಾ ಕಡಿಮೆಯಾಯಿತು. ಅಪ್ಪ ‘ಸು ಫ್ರಮ್ ಸೋ’ ಪೂರ್ತಿ ನೋಡಿದರು. ನಡುನಡುವೆ ಕರಾವಳಿಯ ಮಾತು ಬಂದಾಗ ನನ್ನ ಕಡೆ ತಿರುಗಿದರು, ನಾನೂ ಊಹಿಸಿಯೇ ಹೇಳಬೇಕಾಯಿತು. ಹಾಗಾಗಿ ಅಕ್ಷರದ ಬೇಡಿಕೆ ಬಿಡುವುದಿಲ್ಲ. ಪತ್ರ ಬರೆಯುವುದಾದರೆ ವೇದಿಕೆಗೋ, ನಿರ್ಮಾಪಕರಿಗೋ?

ಅಕ್ಷರ ಜೋಡಿಸುವವಳು
ಇಬ್ಬರಿಗೂ ಬರೆಯಿರಿ, ಆದರೆ ನಿರ್ಮಾಪಕರಿಗೆ ಮೊದಲು. ಚಿತ್ರ ಒಪ್ಪಿಸುವಾಗ ಸಬ್‌ಟೈಟಲ್ ಕಡತಗಳನ್ನು ಸಾಮಾನ್ಯವಾಗಿ ಅವರ ಕಡೆಯಿಂದಲೇ ಕೇಳುತ್ತಾರೆ. ‘ಇಂಗ್ಲಿಷ್ ಕಡತದ ಜೊತೆ ಕನ್ನಡದ್ದನ್ನೂ ಕೊಡಿ’ ಎಂದು ಒಂದೇ ಸಾಲಿನಲ್ಲಿ ಕೇಳಿ. ತುಂಗೆಯ ಅಮ್ಮನವರು ಕಾಯ್ದೆಯ ವಿವರ ಸೇರಿಸಿದರೆ ತೂಕ ಬರುತ್ತದೆ.

ತುಂಗೆಯ ಅಮ್ಮ
ಸೇರಿಸುತ್ತೇನೆ. ಕರಡನ್ನು ಮಗನೇ ಬರೆಯುತ್ತಾನಂತೆ.

ಚಿತ್ರದುರ್ಗದ ಕೋಟೆ
ನನ್ನ ಹೆಸರೂ ಹಾಕಿ. ಅಕ್ಷರ ಆಫ್ ಮಾಡುವ ಗುಂಡಿ ಇರಲಿ ಎಂದೂ ಒಂದು ಮಾತು ಸೇರಿಸಿ.

ಶಿರಸಿ ಅಡಿಕೆ
ಅಷ್ಟರವರೆಗೆ ಹೇಮಾವತಿಯವರ ತಂದೆಗೆ ‘ನಾಗಮಂಡಲ’ ತೋರಿಸಿ. ಹಾಡುಗಳಿಗಾಗಿಯಾದರೂ ನೋಡಬೇಕು.

ಕಲಬುರಗಿ ಕಲ್ಲು
ಒಳ್ಳೆಯ ಪ್ರತಿ ಸಿಗುವ ಜಾಗವನ್ನೂ ಹೇಳಿ. ನಾನು ನೋಡಿದ್ದರಲ್ಲಿ ಬಣ್ಣ ಮಾಸಿ, ಎರಡೂ ಬದಿ ಕತ್ತರಿಸಿ ಹೋಗಿತ್ತು.